ಕಿವಿ ಕೆಂಪಾಗ್ಲಿಲ್ಲ ಕಣೋ

ಭಾನುವಾರ ಹಾಸನದಲ್ಲಿ ಒಂದು ಮದುವೆ. ಎರಡನೇ ಪಂಕ್ತಿಲಿ ಜಾಗ ಸಿಕ್ಕಿದ್ದೇ ಪುಣ್ಯ ಅಂತ ಕೂತು ಎಲೆಗೆ ನೀರು ಚಿಮುಕಿಸ್ತಾ ಪಕ್ಕಕ್ಕೆ ನೋಡಿದ್ರೆ ನಮ್ಮ ಪಿ.ಟಿ. ಮೇಷ್ಟ್ರು! ಎಂಬತ್ತರ ಹತ್ರ ವಯಸ್ಸು, ತಲೇಲಿ ಕೂದ್ಲಿಲ್ಲ, ಆದ್ರೆ ಬೆನ್ನು ಇನ್ನೂ ಸಾವಧಾನ್‌ನಲ್ಲೇ ಇದೆ. ನಾನು ಪರಿಚಯ ಹೇಳ್ಕೊಳಕ್ಕೆ ಮುಂಚೆನೇ ಹೆಸರು ಹಿಡಿದು ಕರೆದ್ರು. ಸಿಕ್ಕಾಪಟ್ಟೆ ಖುಷಿಯಾಯ್ತು. ಆ ಖುಷಿ ಕೋಸಂಬರಿ ಬಡಿಸೋ ತನಕ ಇತ್ತು.

ಆ ಕಡೆ ವಾಲಗದೋರು ಜೋರಾಗಿ ಊದ್ತಿದ್ರು. ಮೇಷ್ಟ್ರು ಅವರನ್ನೇ ನೋಡ್ತಾ ನೋಡ್ತಾ, "ಊದೋನು ಊದ್ತಿದ್ದಾನೋ ಇಲ್ವೋ ಅಂತ ಕಿವಿ ಕೊಟ್ಟು ಕೇಳ್ಬೇಕಾಗಿಲ್ಲ ಕಣೋ, ಕಣ್ಣಲ್ಲಿ ನೋಡಿದ್ರೆ ಸಾಕು" ಅಂದ್ರು. ನಾನು ಹೂಂ ಸಾರ್ ಅಂದೆ. "ನೀನು ಊದಿದ್ರೆ ನಿನ್ನ ಕಿವಿ ಕೆಂಪಗಾಗೋದು. ಅವತ್ತು ಗ್ರೌಂಡಲ್ಲಿ ಕೆಂಪಾಗ್ಲಿಲ್ಲ."

ಅಷ್ಟೇ ಹೇಳಿ ಪಲ್ಯಕ್ಕೆ ಕೈ ಹಾಕಿದ್ರು. ನನ್ನ ಕೈಲಿದ್ದ ತುತ್ತು ಕೈಲೇ ಉಳೀತು.

ಅವತ್ತು ಅಂದ್ರೆ 1994ರ ಆಗಸ್ಟ್ 15. ನಾನು ಒಂಬತ್ತನೇ ಕ್ಲಾಸು. ನಮ್ದು ಸಕಲೇಶಪುರದ ಕಡೆ ಸ್ಕೂಲು, ಹಾಸನದ ಸ್ಟೇಡಿಯಂನಲ್ಲಿ ಮಾರ್ಚ್‌ಪಾಸ್ಟ್, ಅದರಲ್ಲೇ ಸ್ಕೂಲ್ ಬ್ಯಾಂಡ್‌ಗಳಿಗೆ ಬೇರೆ ಕಾಂಪಿಟೇಶನ್. ಬ್ಯಾಂಡ್ ಅಂದ್ರೆ ಸಿನಿಮಾದಲ್ಲಿ ತೋರಿಸೋ ತರ ಏನಿಲ್ಲ, ಒಂದು ದೊಡ್ಡ ಡ್ರಮ್ಮು, ಆರು ಸೈಡ್ ಡ್ರಮ್ಮು, ಒಂದು ಜೊತೆ ತಾಳ, ಒಂದು ಟ್ರಯಾಂಗಲ್, ಕೊಳಲು ಹಿಡ್ಕೊಂಡ ಹುಡುಗೀರು, ಆಮೇಲೆ ಮುಂದಿನ ಸಾಲಲ್ಲಿ ನಾವು ನಾಲ್ಕು ಜನ ಬ್ಯೂಗಲ್‌ನೋರು, ಅಂದ್ರೆ ಹಿತ್ತಾಳೆ ಕಹಳೆ ಊದೋರು. ನಮ್ಮ ಕಡೆ ಮಳೆ ಗೊತ್ತಲ್ಲ, ಆಗಸ್ಟಲ್ಲಿ ಡ್ರಮ್ಮಿನ ಚರ್ಮ ನೆನೆದು ಸಡಿಲ ಆಗಿ ಹೊಡೆದ್ರೆ ರಟ್ಟಿನ ಡಬ್ಬ ಹೊಡೆದಂಗೆ ಡಬ್ ಡಬ್ ಅನ್ನೋದು. ಅದಕ್ಕೆ ಸ್ಟೇಡಿಯಂ ಹಿಂದೆ ಹಳೇ ಪೇಪರಿಗೆ ಬೆಂಕಿ ಹಚ್ಚಿ ಡ್ರಮ್ ಕಾಯಿಸ್ತಿದ್ವಿ, ಸ್ವಲ್ಪ ಜಾಸ್ತಿ ಕಾದ್ರೆ ಬಿರೀತು ಅಂತ ಭಯ, ಕಮ್ಮಿ ಆದ್ರೆ ಡಬ್ಬ. ಬ್ಯೂಗಲ್‌ನೋರಿಗೆ ಆ ತಾಪತ್ರಯ ಇಲ್ಲ. ಹಿಂದಿನ ದಿನ ಹುಣಸೆಹಣ್ಣು ಹಾಕಿ ತಿಕ್ಕಿ, ಬ್ರಾಸೋ ಹಚ್ಚಿ ಒರೆಸಿದ್ರೆ ಮುಖ ಕಾಣ್ಬೇಕು, ಮುಗೀತು. ಹಂಗಾಗಿ ಡ್ರಮ್ಮಿನೋರಿಗೆ ನಮ್ಮನ್ನ ಕಂಡ್ರೆ ಆಗ್ತಿರ್ಲಿಲ್ಲ.

ಬ್ಯೂಗಲ್ ನೋಡಕ್ಕೆ ಸುಲಭ. ಅದರಲ್ಲಿ ಒತ್ತೋದಕ್ಕೆ ಗುಂಡಿ ಇಲ್ಲ, ಮುಚ್ಚೋದಕ್ಕೆ ತೂತಿಲ್ಲ, ಬರೀ ಸುತ್ತಿದ ಕೊಳವೆ. ಸ್ವರ ಮೇಲೆ ಕೆಳಗೆ ಮಾಡೋದೆಲ್ಲ ತುಟಿಲೇ. ಸಾಮಾನ್ಯವಾಗಿ ಸಿಗೋದು ಐದೇ: ಕೆಳಗಿನ ಸ, ಕೆಳಗಿನ ಪ, ಆಮೇಲೆ ಸ, ಗ, ಪ. ರಿ ಇಲ್ಲ, ಮ ಇಲ್ಲ, ಅದಕ್ಕೇ ರಾಷ್ಟ್ರಗೀತೆನೂ ಬ್ಯೂಗಲ್‌ನಲ್ಲಿ ಬರಲ್ಲ. ತುಟಿ ಬಿಗಿ ಮಾಡಿ ಗಾಳಿ ಬಿಟ್ರೆ ತುಟಿ ಅದುರ್ಬೇಕು, ಆ ಅದುರಿಕೆನೇ ಸದ್ದಾಗೋದು. ಹಂಗಾಗಿ ತುಟಿ ಕೆಟ್ರೆ ಬ್ಯೂಗಲ್ ಕೆಟ್ಟಂಗೆ.

ನನ್ನ ತುಟಿ ಕೆಟ್ಟಿದ್ದು ಬಸ್ಸಲ್ಲಿ. ಸಕಲೇಶಪುರದಿಂದ ಹಾಸನಕ್ಕೆ ನಲವತ್ತು ಕಿಲೋಮೀಟರ್ ಚಿಲ್ರೆ, ಬೆಳಿಗ್ಗೆ ಐದಕ್ಕೇ ಹೊರಟಿದ್ವಿ. ಬೇಡ ಬೇಡ ಅಂದ್ರೂ ನಾನು ಕಿಟಕಿಗೆ ಬ್ಯೂಗಲ್ ಇಟ್ಕೊಂಡು ಸ್ಟೈಲ್ ಮಾಡ್ತಾ ಕೂತಿದ್ದೆ, ಆಲೂರು ಹತ್ರ ಯಾವುದೋ ಹಸು ಅಡ್ಡ ಬಂತು, ಡ್ರೈವರ್ ಬ್ರೇಕ್ ಹೊಡೆದ, ಬ್ಯೂಗಲ್ ಬಾಯಿ ಸೀದಾ ನನ್ನ ಹಲ್ಲಿಗೆ. ಮೇಲ್ತುಟಿ ಒಳಗಡೆ ಸೀಳ್ತು. ರಕ್ತ ನುಂಗಿದೆ. ಅಳ್ಲಿಲ್ಲ, ಯಾರಿಗೂ ಹೇಳ್ಲೂ ಇಲ್ಲ.

ಯಾಕೆ ಹೇಳ್ಲಿಲ್ಲ ಅಂದ್ರೆ ನಮಗೊಬ್ಬ ಎಕ್ಸ್ಟ್ರಾ ಹುಡುಗ ಇದ್ದ. ಪಾಪ, ಯೂನಿಫಾರ್ಮ್ ಇಸ್ತ್ರಿ ಮಾಡ್ಕೊಂಡು, ಬೆಲ್ಟ್ ಬಿಗಿದ್ಕೊಂಡು ಬಂದಿದ್ದ. ಯಾರಿಗಾದ್ರೂ ಹುಷಾರಿಲ್ದಿದ್ರೆ ಅವನು. ನಾನು ಬಾಯಿ ಬಿಟ್ಟಿದ್ರೆ ನನ್ನ ಬಿಳೀ ಗ್ಲೌಸು, ಟೋಪಿಗೆ ಸಿಗಿಸೋ ಕೆಂಪು ಕುಚ್ಚು ಎಲ್ಲ ಅವನಿಗೆ ಹೋಗ್ತಿತ್ತು. ಹದಿನಾಲ್ಕು ವರ್ಷಕ್ಕೆ ಕೆಂಪು ಕುಚ್ಚು ಅಂದ್ರೆ ಏನು ಅಂತ ಈಗ ಹೆಂಗೆ ಹೇಳೋದು.

ಹಂಗಾಗಿ ಗ್ರೌಂಡಲ್ಲಿ ನಾನು ಊದ್ಲಿಲ್ಲ. ಬ್ಯೂಗಲ್ ತುಟಿಗೆ ತಾಗಿಸ್ದೆ, ಕೆನ್ನೆ ಬಿಗಿ ಮಾಡಿದೆ, ಮೊಣಕೈ ಮೇಷ್ಟ್ರು ಹೇಳ್ಕೊಟ್ಟಷ್ಟೇ ಎತ್ತರಕ್ಕೆ ಎತ್ತಿದೆ, ದಾಹಿನೇ ದೇಖ್ ಅಂದಾಗ ಕತ್ತು ತಿರುಗಿಸ್ದೆ, ಸದ್ದು ಮಾತ್ರ ಇಲ್ಲ. ಎರಡು ಸುತ್ತು. ನಮಗೆ ಎರಡನೇ ಬಹುಮಾನ ಬಂತು. ತಲಾ ಒಂದು ಸ್ಟೀಲ್ ತಟ್ಟೆ, ಚುಕ್ಕೆ ಚುಕ್ಕೆ ಕೊರೆದು "ದ್ವಿತೀಯ" ಅಂತ ಬರೆದಿದ್ದು. ಅಮ್ಮ ಇವತ್ತಿಗೂ ಅದನ್ನ ಹಾಲಿನ ಪಾತ್ರೆಗೆ ಮುಚ್ತಾರೆ, ಊರಿಗೆ ಹೋದಾಗೆಲ್ಲ ಕಾಫಿ ಮಾಡೋಕೆ ಅಂತ ಆ ತಟ್ಟೆ ಎತ್ತುವಾಗ ಮೂವತ್ತು ವರ್ಷದಿಂದ ನನಗೊಂಥರಾ ಆಗತ್ತೆ. ಕಳ್ಳತನ ಮಾಡಿದ್ದು, ಯಾರಿಗೂ ಗೊತ್ತಿಲ್ಲ, ನನಗೊಬ್ಬನಿಗೇ ಗೊತ್ತು ಅಂದ್ಕೊಂಡಿದ್ದೆ.

"ಸಾರ್, ಗೊತ್ತಿದ್ರೆ ಆಗ್ಲೇ ಯಾಕೆ ಬೈಲಿಲ್ಲ?" ಅಂದೆ. ಮೇಷ್ಟ್ರು ಒಬ್ಬಟ್ಟಿಗೆ ತುಪ್ಪ ಹಾಕಿಸ್ಕೊಂಡು ಆರಾಮಾಗಿ ಹೇಳಿದ್ರು, "ಮೊದಲ್ನೇ ಸುತ್ತಲ್ಲೇ ಗೊತ್ತಾಯ್ತು. ಆದ್ರೆ ನಿನ್ನ ತೆಗೆದು ಅವನನ್ನ ಹಾಕಿದ್ರೆ ಅವನು ಊದ್ಬಿಡ್ತಿದ್ದ ಕಣೋ."

ಊದ್ಬಿಡ್ತಿದ್ದ ಕಣೋ! ಈ ವಾರ ಪೂರ್ತಿ ಇದೊಂದೇ ಮಾತು ತಲೇಲಿ. ಗಾಡಿ ಓಡಿಸ್ತಾ ಊದ್ಬಿಡ್ತಿದ್ದ ಕಣೋ, ಶೇವ್ ಮಾಡ್ತಾ ಊದ್ಬಿಡ್ತಿದ್ದ ಕಣೋ. ಅಂದ್ರೆ ಕೆಟ್ಟದಾಗಿ ಊದೋ ಹುಡುಗನಿಗಿಂತ ಸುಮ್ಮನೆ ನಿಂತ ನಾನೇ ವಾಸಿ ಅಂತ ಲೆಕ್ಕ ಹಾಕಿದ್ದಾರೆ ಮನುಷ್ಯ. ಇವರನ್ನ ನಾನು ಇಷ್ಟು ದಿನ ಭಾರೀ ಶಿಸ್ತಿನ ಮನುಷ್ಯ, ಪ್ರಾಮಾಣಿಕ, ದೇವರಂಥೋರು ಅಂದ್ಕೊಂಡಿದ್ದೆ. ಈಗ ನೋಡಿದ್ರೆ ಒಳ್ಳೇ ಪಳಗಿದ ರಾಜಕಾರಣಿ. ಆ ಹುಡುಗ ಎರಡು ಗಂಟೆ ಕಂಬಿ ಆಚೆ ನಮ್ಮೆಲ್ಲರ ಬ್ಯಾಗು ಕಾಯ್ತಾ ನಿಂತಿದ್ದ, ಅವನಿಗೆ ತಟ್ಟೆನೂ ಸಿಗ್ಲಿಲ್ಲ. ಬೇಜಾರಾಗಿದ್ದು ನಾನು ಸಿಕ್ಕಾಕ್ಕೊಂಡೆ ಅಂತಾನಾ, ನಾನು ಊದದೇ ಇದ್ದಿದ್ರಿಂದ ಯಾರಿಗೂ ಏನೂ ಕಮ್ಮಿ ಆಗ್ಲಿಲ್ಲ ಅಂತಾನಾ, ಇನ್ನೂ ಗೊತ್ತಾಗ್ತಿಲ್ಲ. ಎರಡನೇದೇ ಇರ್ಬೇಕು.

ಅವತ್ತು ರಾತ್ರಿ ನಿದ್ದೆ ಬರದೆ ಮೊಬೈಲಲ್ಲಿ ಬ್ಯೂಗಲ್ ಅಂತ ಹುಡುಕ್ತಾ ಅಮೆರಿಕದ ಡ್ರಮ್ ಆ್ಯಂಡ್ ಬ್ಯೂಗಲ್ ಕೋರ್ ವಿಡಿಯೋಗಳಿಗೆ ಬಿದ್ದೆ, ಅಂದ್ರೆ ಡ್ರಮ್ಮು, ಹಿತ್ತಾಳೆ ವಾದ್ಯ ನುಡಿಸ್ತಾ ಮಾರ್ಚ್ ಮಾಡೋ ತಂಡಗಳು. ಅಬ್ಬಾ. ಮೊದಲನೇ ಮಹಾಯುದ್ಧ ಮುಗಿಸಿ ಬಂದ ಸೈನಿಕರ ಸಂಘಗಳು ಶುರು ಮಾಡಿದ್ದಂತೆ, 1972ರಿಂದ ಡ್ರಮ್ ಕೋರ್ಸ್ ಇಂಟರ್‌ನ್ಯಾಷನಲ್ ಅಂತ ದೊಡ್ಡ ಚಾಂಪಿಯನ್‌ಶಿಪ್ಪು, ಈಗ ಇಂಡಿಯಾನಾಪೊಲಿಸ್‌ನ ಫುಟ್‌ಬಾಲ್ ಸ್ಟೇಡಿಯಂನಲ್ಲಿ ಫೈನಲ್. ಒಂದೊಂದು ತಂಡದಲ್ಲಿ ನೂರೈವತ್ತು ಹುಡುಗ್ರು, ಬೇಸಿಗೆ ಪೂರ್ತಿ ಬಸ್ಸಲ್ಲಿ ಊರೂರು ತಿರುಗಿ, ಶಾಲೆ ಜಿಮ್‌ಗಳ ನೆಲದ ಮೇಲೆ ಮಲಗಿ, ಹಗಲೆಲ್ಲ ಬಿಸಿಲಲ್ಲಿ ಪ್ರಾಕ್ಟೀಸು. 2000ದಿಂದ ಅವರ ಹಿತ್ತಾಳೆ ವಾದ್ಯಕ್ಕೆ ಬ್ಯೂಗಲ್ ಅನ್ನೋದು ಹೆಸರಿಗಷ್ಟೇ, ಗುಂಡಿ ಇರೋ ಯಾವ ಶ್ರುತಿಯ ವಾದ್ಯ ಬೇಕಾದ್ರೂ ತರಬಹುದು. 2008ರಲ್ಲಿ ಫ್ಯಾಂಟಮ್ ರೆಜಿಮೆಂಟ್ ಅನ್ನೋ ತಂಡ ಬ್ಲೂ ಡೆವಿಲ್ಸ್‌ನ ಸೋಲಿಸಿದ್ದು ನೂರಕ್ಕೆ 0.025 ಪಾಯಿಂಟ್‌ನಲ್ಲಿ!

ನನಗೆ ಎದೆ ಝಲ್ ಅಂದಿದ್ದು ಅದಕ್ಕಲ್ಲ. 1984ಕ್ಕೆ ಮುಂಚೆ ಅಲ್ಲಿ ಟಿಕ್ ಅಂತ ಒಂದು ಪದ್ಧತಿ ಇತ್ತು. ತೀರ್ಪುಗಾರರು ಪ್ಯಾಡು ಪೆನ್ಸಿಲ್ಲು ಹಿಡ್ಕೊಂಡು ಮೈದಾನದೊಳಗೇ, ನುಡಿಸೋರ ಪಕ್ಕದಲ್ಲೇ ಓಡಾಡ್ತಾ, ಒಂದೊಂದು ತಪ್ಪಿಗೆ ಒಂದೊಂದು ಗೀಟು ಹಾಕ್ತಿದ್ರು, ಒಂದು ಗೀಟಿಗೆ ಪಾಯಿಂಟಿನ ಹತ್ತನೇ ಒಂದು ಭಾಗ ಕಟ್. ಅಂಥೋನೊಬ್ಬ ಹಾಸನ ಸ್ಟೇಡಿಯಂನಲ್ಲಿ ನನ್ನ ಪಕ್ಕ ಬಂದು ಕಿವಿ ಇಟ್ಟಿದ್ರೆ? ನಮ್ಮ ತೀರ್ಪುಗಾರರು ಶಾಮಿಯಾನದ ಕೆಳಗೆ ಪ್ಲಾಸ್ಟಿಕ್ ಕುರ್ಚಿಲಿ ಬೋಂಡ ತಿಂತಾ ಕೂತಿದ್ರು, ದೇವರು ದೊಡ್ಡೋನು.

ಇನ್ನೊಂದು ಸಿಕ್ತು. ಅಮೆರಿಕದಲ್ಲಿ ಮಾಜಿ ಸೈನಿಕರ ಅಂತ್ಯಕ್ರಿಯೆಗೆ ಬ್ಯೂಗಲ್ ಊದೋರು ಸಾಲದೆ, 2003ರಲ್ಲಿ ಅಲ್ಲಿನ ರಕ್ಷಣಾ ಇಲಾಖೆ ಡಿಜಿಟಲ್ ಬ್ಯೂಗಲ್‌ಗೆ ಒಪ್ಪಿಗೆ ಕೊಡ್ತು. ಬ್ಯೂಗಲ್‌ನ ಮುಂದಿನ ಅಗಲ ಬಾಯೊಳಗೆ ಒಂದು ಸ್ಪೀಕರ್ ಸಿಗಿಸಿ, ಗುಂಡಿ ಒತ್ತಿ, ತುಟಿಗೆ ಇಟ್ಕೊಂಡು ನಿಂತ್ರೆ ಅದೇ ನುಡಿಯತ್ತೆ. ಅಂದ್ರೆ ನಾನು ಅಮೆರಿಕದ ಸೈನ್ಯಕ್ಕಿಂತ ಒಂಬತ್ತು ವರ್ಷ ಮುಂದಿದ್ದೆ, ಸ್ಪೀಕರ್ ಖರ್ಚೂ ಇಲ್ದೆ.

ನಗು ಬಂತು, ಆದ್ರೆ ತಕ್ಷಣ ಹೋದ ವರ್ಷದ್ದು ನೆನಪಾಗಿ ನಗು ನಿಂತೋಯ್ತು. ಮಗಳ ಸ್ಕೂಲ್ ಡೇಗೆ ಗುಂಪುಗೀತೆ, ಮಿಸ್ಸು ಇವಳಿಗೆ "ನೀನು ಬಾಯಿ ಮಾತ್ರ ಆಡ್ಸು ಪುಟ್ಟ" ಅಂದಿದ್ರು. ಅತ್ಕೊಂಡು ಬಂದ್ಲು. ನಾನು ಮಾರನೇ ದಿನ ಆಫೀಸಿಗೆ ಲೇಟಾದ್ರೂ ಪರವಾಗಿಲ್ಲ ಅಂತ ಹೋಗಿ, ಮಕ್ಕಳಿಗೆ ಸುಳ್ಳು ಕಲಿಸ್ತೀರಾ ಅಂತ ಆ ಮಿಸ್ ಹತ್ರ ಗಂಟಲು ಹರಿಯೋ ಹಂಗೆ ಜಗಳ ಆಡಿ ಬಂದೆ. ಅವರ ಮುಖ ಈಗ ಕಣ್ಣ ಮುಂದೆ ಬರತ್ತೆ. ಇಪ್ಪತ್ತೈದು ವರ್ಷದ ಹುಡುಗಿ, ಕೈಲಿ ಚಾಕ್‌ಪೀಸು. ನಾನೋ, ಆಫೀಸಲ್ಲಿ ದಿನಕ್ಕೆ ಮೂರು ಮೀಟಿಂಗಲ್ಲಿ ಮ್ಯೂಟ್ ಹಾಕ್ಕೊಂಡು ತಲೆ ಆಡಿಸೋ ಆಸಾಮಿ.

ಮಂಗಳವಾರ ತಡ್ಕೊಳಕ್ಕಾಗದೆ ಸಾಲಲ್ಲಿ ನನ್ನ ಬಲಗಡೆ ನಿಲ್ತಿದ್ದ ಗೆಳೆಯನಿಗೆ ಫೋನ್ ಮಾಡಿದೆ, ಊರಲ್ಲೇ ತೋಟ ನೋಡ್ಕೊಂಡಿದ್ದಾನೆ. ಎಲ್ಲಾ ಹೇಳಿದೆ, ಮೇಷ್ಟ್ರು, ಕಿವಿ, ಊದ್ಬಿಡ್ತಿದ್ದ ಕಣೋ, ಎಲ್ಲಾ. ಆ ಕಡೆ ಸದ್ದೇ ಇಲ್ಲ. ಲೋ ಇದ್ಯೇನೋ ಅಂದೆ.

"ಇದೀನಿ. ನೀನು ಊದ್ತಿಲ್ಲ ಅಂತ ನಂಗೂ ಗೊತ್ತಿತ್ತು ಮಾರಾಯ, ಪಕ್ಕದಲ್ಲೇ ಇದ್ನಲ್ಲ. ಅದಕ್ಕೇ ಎರಡ್ನೇ ಸುತ್ತಲ್ಲಿ ಡಬಲ್ ಊದಿದ್ದು. ತುಟಿ ಊದಿ ಮೂರು ದಿನ ನಮ್ಮಮ್ಮ ತುಪ್ಪ ಹಚ್ಚಿದ್ರು, ನೀನೇ ಮನೆಗೆ ಬಂದು ಹಂದಿ ಮುಸುಡಿ ಅಂತ ನಗ್ಲಿಲ್ವಾ?"

ನಕ್ಕಿದ್ದೆ. ಚೆನ್ನಾಗಿ ನೆನಪಿದೆ.

"ಅದಿರ್ಲಿ, ಒಂದು ವಾರದಿಂದ ಮಳೆ ಬಿಟ್ಟಿಲ್ಲ ಇಲ್ಲಿ, ಮೆಣಸಿನ ಬಳ್ಳಿಗೆಲ್ಲ ಕೊಳೆ ಹಿಡೀತಿದೆ, ಯಾವಾಗ ಬರ್ತೀಯ ನೀನು?" ಅಂದ.