ಕನ್ನಡಿಯ ಹಿಂದೆ ಈಗ ಯಾರೂ ಇರುವುದಿಲ್ಲ

ನಮ್ಮ ಕಾಲೇಜಿನ ಸ್ಪೀಚ್ ಥೆರಪಿ ಕೋಣೆಯ ಒನ್-ವೇ ಕನ್ನಡಿಯನ್ನು, ಅಂದರೆ ಆಚೆಯವರಿಗೆ ಮಾತ್ರ ಈಚಿನದು ಕಾಣುವ ಗಾಜನ್ನು, ಹಳೆಯ ವಿದ್ಯಾರ್ಥಿಗಳು ಯಾರೂ ಮರೆತಿರಲಾರರು. ಈಚೆ ಪುಟ್ಟ ಕುರ್ಚಿ, ಮಗು, ಬೆವರುತ್ತಿರುವ ವಿದ್ಯಾರ್ಥಿ. ಆಚೆ ಕತ್ತಲಲ್ಲಿ ಮೇಡಂ, ಪೆನ್ಸಿಲು, ಗಡಿಯಾರ. 30 ನಿಮಿಷದ ಸೆಷನ್‌ಗೆ 3 ಪುಟದ ಯೋಜನೆ ಬರೆಯಬೇಕಿತ್ತು. ಕೆಲಸಕ್ಕೆ ಸೇರಿದ ಮೇಲೆ ಆ ಯೋಜನೆ 3 ಸಾಲಿಗೆ ಇಳಿಯುತ್ತದೆ. ಒಂದು ಮಗು ಎದ್ದುಹೋಗುವಷ್ಟರಲ್ಲಿ ಇನ್ನೊಂದು ಬಾಗಿಲಲ್ಲಿ ನಿಂತಿರುತ್ತದೆ, ಕನ್ನಡಿಯ ಹಿಂದೆ ಯಾರೂ ಇರುವುದಿಲ್ಲ. ಮಕ್ಕಳ ಸ್ಪೀಚ್ ಥೆರಪಿಗೆ ಈಗಷ್ಟೇ ಕಾಲಿಡುತ್ತಿರುವ ಕಿರಿಯರಿಗಾಗಿ ಈ ಬರಹ.

ಕೇಸ್ ಹಿಸ್ಟರಿ ಹಿಡಿದು ನಿಂತವರಿಗೆಲ್ಲ ಆಗ ಎದುರಾಗುತ್ತಿದ್ದ ಮೊದಲ ಪ್ರಶ್ನೆ ಒಂದೇ: “ಆಡಿಯೋಗ್ರಾಂ ಎಲ್ಲಿ?” ಆಡಿಯೋಗ್ರಾಂ ಎಂದರೆ ಮಗುವಿಗೆ ಯಾವ ಸದ್ದು ಎಷ್ಟು ಕೇಳಿಸುತ್ತದೆ ಎಂದು ಅಳೆದು ಬರೆದ ನಕ್ಷೆ. ಆ ಕಾಟಕ್ಕೆ ಕಾರಣವಿತ್ತು. “ಕರೆದರೆ ತಿರುಗ್ತಾನೆ, ಕಿವಿ ಚೆನ್ನಾಗೇ ಇದೆ” ಎಂದು ಮನೆಯವರು ಹೇಳುವುದು ಸುಳ್ಳಲ್ಲ. ಆದರೆ ಚಪ್ಪಾಳೆಗೆ, ಬಾಗಿಲ ಸದ್ದಿಗೆ ತಿರುಗುವ ಮಗುವಿಗೂ ಎತ್ತರದ ಆವರ್ತನಗಳಲ್ಲಿ ಕಿವುಡಿದ್ದರೆ ‘ಸ’, ‘ಶ’ ಕೇಳಿಸದೇ ಇರಬಹುದು. ಕಿವಿಯ ತಮಟೆಯ ಹಿಂದೆ ನೀರು ಕಟ್ಟಿಕೊಂಡರೆ ಈ ವಾರ ಕೇಳಿಸಿದ್ದು ಮುಂದಿನ ವಾರ ಮಂಕಾಗುತ್ತದೆ. ಹುಟ್ಟಿದಾಗ ಮಾಡಿದ ಓಎಇ ಎಂಬ ಶ್ರವಣ ಪರೀಕ್ಷೆಯಲ್ಲಿ ‘ಪಾಸ್’ ಎಂಬ ಚೀಟಿಯನ್ನೂ ಪೂರ್ತಿ ನಂಬುವಂತಿಲ್ಲ. ಆ ಪರೀಕ್ಷೆ ಒಳಕಿವಿಯ ಹೊರ ಕೂದಲುಕೋಶಗಳು ಕೆಲಸ ಮಾಡುತ್ತಿವೆಯೇ ಎಂದಷ್ಟೇ ಹೇಳುತ್ತದೆ. ನರದ ದಾರಿಯಲ್ಲಿ ತೊಂದರೆ ಇದ್ದರೆ, ಅಥವಾ ಕಿವುಡು ಆಮೇಲೆ ಬಂದಿದ್ದರೆ, ಆ ಚೀಟಿಯಲ್ಲಿ ಅದು ಕಾಣುವುದಿಲ್ಲ. ಹೊಸ ಪರೀಕ್ಷೆ ಆಗದೆ ಥೆರಪಿ ಶುರುಮಾಡಿ ಆರು ತಿಂಗಳು ಕಳೆದರೆ, ಕಳೆದುಹೋದದ್ದು ಮಗುವಿನ ಆರು ತಿಂಗಳು. ಶ್ರವಣಯಂತ್ರ ಹಾಕಿಕೊಳ್ಳುವ ಮಗುವಾದರೆ ಸೆಷನ್‌ನ ಮೊದಲ ನಿಮಿಷ, ಯಂತ್ರದಿಂದ ಕೇಳಿಸುತ್ತಿದೆಯೇ ಎಂದು ನೋಡುವ ಲಿಂಗ್ ಪರೀಕ್ಷೆಗೆ ಮೀಸಲು: ಬಾಯಿ ಮರೆಮಾಡಿಕೊಂಡು ‘ಆ’, ‘ಈ’, ‘ಊ’, ‘ಮ್’, ‘ಶ್’, ‘ಸ್’. ಬ್ಯಾಟರಿ ಸತ್ತಿದೆಯೆಂದು 25ನೇ ನಿಮಿಷಕ್ಕೆ ಗೊತ್ತಾಗುವುದು ಹೊಸಬರ ಮಾಮೂಲಿ ತಪ್ಪು.

ಮಾತಿನ ಮಾದರಿ ಬರೆದುಕೊಳ್ಳುವುದು ನಮಗೆಲ್ಲ ಶಿಕ್ಷೆಯಂತೆ ಕಾಣುತ್ತಿತ್ತು. 50 ಉಕ್ತಿ (ಮಗು ಒಂದು ಸಲಕ್ಕೆ ಆಡುವ ಮಾತು), ಸಾಧ್ಯವಾದರೆ 100. ಮಗು ಅಂದದ್ದನ್ನು ಅಂದ ಹಾಗೆಯೇ. ಕೆಲಸದಲ್ಲಿ ಮೊದಲು ಕೈಬಿಡುವುದೂ ಇದನ್ನೇ, ಬಿಡಬಾರದ್ದೂ ಇದನ್ನೇ. ಒಂದು ಎಚ್ಚರಿಕೆ ಬೇಕು. ಇಂಗ್ಲಿಷ್ ಪುಸ್ತಕದ ಪ್ರಕಾರ ಒಂದು ಉಕ್ತಿಯಲ್ಲಿ ಎಷ್ಟು ಪದ ಎಂದು ಎಣಿಸಿದರೆ ಕನ್ನಡದ ಮಗುವಿಗೆ ಅನ್ಯಾಯವಾಗುತ್ತದೆ. ‘ಬರ್ತಿದ್ದೀನಿ’ ಒಂದೇ ಪದ; ಅದರೊಳಗೆ ಕ್ರಿಯೆಯೂ ಇದೆ, ಕಾಲವೂ ಇದೆ, ‘ನಾನು’ ಕೂಡ ಇದೆ. ಪ್ರತ್ಯಯಗಳನ್ನು ಬಿಡಿಸಿ ಬರೆದಾಗಲೇ ಮಗುವಿಗೆ ಏನು ಗೊತ್ತು ಎಂಬುದು ಕಾಣುವುದು. ಎರಡು ಭಾಷೆ ಕೇಳಿ ಬೆಳೆಯುವ ಮಗುವಿನ ಪದಗಳನ್ನು ಎರಡೂ ಭಾಷೆಯಿಂದ ಎಣಿಸಬೇಕು. 2 ವರ್ಷಕ್ಕೆ 50 ಪದ ದಾಟಿಲ್ಲ, ಎರಡು ಪದ ಕೂಡಿಸುತ್ತಿಲ್ಲ ಎಂದರೆ ಗಮನ ಕೊಡಬೇಕು ಎಂಬ ಅಳತೆಗೋಲು ಎರಡೂ ಭಾಷೆ ಸೇರಿಸಿಯೇ ಲೆಕ್ಕ. “ಮನೆಯಲ್ಲಿ ಒಂದೇ ಭಾಷೆ ಮಾತಾಡಿ” ಎಂಬ ಸಲಹೆಗೆ ಆಧಾರವಿಲ್ಲ. ಅದರಿಂದ ಅಜ್ಜಿಯ ಜೊತೆಗಿನ ಮಾತು ನಿಲ್ಲುತ್ತದೆ, ಅಷ್ಟೇ.

ಇನ್ನು ಉಚ್ಚಾರಣೆ. ‘ಕ’ ಬದಲು ‘ತ’ ಹೇಳುವ ಮಗುವನ್ನೇ ತೆಗೆದುಕೊಳ್ಳೋಣ. ಮೊದಲು ತಿಳಿಯಬೇಕಾದದ್ದು: ಅದಕ್ಕೆ ‘ಕ’ ಹುಟ್ಟಿಸಲು ಬರುವುದಿಲ್ಲವೋ, ಅಥವಾ ಬಂದರೂ ‘ಕ’–‘ತ’ ಬೇರೆ ಎಂಬ ವ್ಯವಸ್ಥೆ ತಲೆಯಲ್ಲಿ ಕೂತಿಲ್ಲವೋ? ಎರಡನೆಯದಾದರೆ ಜೋಡಿಪದಗಳ ಚಿತ್ರ ಮಾಡಿಕೊಳ್ಳಿ: ಕೊಡೆ–ತೊಡೆ, ಕಾಯಿ–ತಾಯಿ. ಕ್ರಿಯಾಪದಗಳು ಇನ್ನೂ ಚೆನ್ನ. ಮಗು “ಕಟ್ಟು” ಎನ್ನಲು ಹೋಗಿ “ತಟ್ಟು” ಎಂದರೆ ದಾರ ಕಟ್ಟದೆ ಮೇಜು ತಟ್ಟಿಬಿಡಿ. ತಾನು ಹೇಳಿದ್ದೇ ಬೇರೆ, ಆದದ್ದೇ ಬೇರೆ ಎಂದು ಮಗು ಬೆರಗಾಗುವ ಆ ಗಳಿಗೆ ಹತ್ತು ಸಲ “ಸರಿಯಾಗಿ ಹೇಳು” ಎನ್ನುವುದಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ. ಆದರೆ ಎರಡು ಸಲಕ್ಕಿಂತ ಹೆಚ್ಚು ಎಳೆಯಬೇಡಿ, ಮಗು ಸೋತುಬಿಡುತ್ತದೆ.

‘ಕ’ ಹುಟ್ಟುವುದೇ ಇಲ್ಲವೆಂದರೆ ‘ಕೂ’, ‘ಕೋ’ ಇಂದ ಶುರುಮಾಡಿ. ಆ ಸ್ವರಗಳಿಗೆ ನಾಲಗೆ ಆಗಲೇ ಹಿಂದೆ ಸರಿದಿರುತ್ತದೆ. ‘ಕೀ’ ಕೊನೆಗಿರಲಿ, ಅಲ್ಲಿ ನಾಲಗೆ ಮುಂದಕ್ಕೆ ಎಳೆಯುತ್ತದೆ. ಅಂಗಾತ ಮಲಗಿಸಿ ಹೇಳಿಸಿದರೆ ನಾಲಗೆ ತಾನೇ ಹಿಂದಕ್ಕೆ ಜಾರುತ್ತದೆ. ನಾಲಗೆಯ ತುದಿಯನ್ನು ಮರದ ಚಪ್ಪಟೆ ಕಡ್ಡಿಯಿಂದ ಮೆಲ್ಲಗೆ ಕೆಳಗೆ ಒತ್ತಿ ಹಿಡಿಯುವುದೂ ಒಂದು ದಾರಿ, ಆದರೆ ತೀರಾ ಹಿಂದೆ ಒತ್ತಿದರೆ ಮಗುವಿಗೆ ವಾಕರಿಕೆ ಬರುತ್ತದೆ; ಒಮ್ಮೆ ಹಾಗಾದರೆ ಮುಂದಿನ ವಾರ ಅದು ಬಾಯಿಯನ್ನೇ ತೆರೆಯುವುದಿಲ್ಲ. ಪದದ ಕೊನೆಯ ‘ಕ್’ನಿಂದ ಶುರುಮಾಡಿ ಎಂಬ ಇಂಗ್ಲಿಷ್ ಪುಸ್ತಕದ ಉಪಾಯ ನಮಗೆ ದಕ್ಕದು, ನಮ್ಮ ಪದಗಳು ಸ್ವರದಲ್ಲೇ ಮುಗಿಯುತ್ತವೆ. ನಮಗಿರುವುದು ಒತ್ತಕ್ಷರ: ಅಕ್ಕ, ಪಕ್ಕ, ಚಿಕ್ಕ. ಅಲ್ಲಿ ನಾಲಗೆ ಅಂಗುಳಕ್ಕೆ ತಗುಲಿ ತುಸು ಹೊತ್ತು ನಿಲ್ಲುವುದರಿಂದ ಜಾಗ ಹುಡುಕಿಕೊಳ್ಳಲು ಮಗುವಿಗೆ ಸಮಯ ಸಿಗುತ್ತದೆ.

ಊದುವುದು, ನೆಕ್ಕುವುದು, ಕೆನ್ನೆ ಉಬ್ಬಿಸುವುದು – ಈ ಕಸರತ್ತುಗಳಿಂದ ಉಚ್ಚಾರಣೆ ಸರಿಹೋಗುವುದಿಲ್ಲ. ಮಾತಿಗೆ ಬೇಕಾದ ಬಲ ತೀರಾ ಕಡಿಮೆ. ಬೇಕಾದದ್ದು ಹೊಂದಾಣಿಕೆ, ಅದು ಮಾತಾಡಿಯೇ ಬರಬೇಕು. ಪೋಷಕರಿಗೆ ಕಸರತ್ತು ‘ಕಣ್ಣಿಗೆ ಕಾಣುವ ಚಿಕಿತ್ಸೆ’ಯಾದ್ದರಿಂದ ಅದನ್ನೇ ಕೇಳುತ್ತಾರೆ. ಕೊಡಬೇಡಿ. ಸೀಳಂಗುಳದ ಮಗುವಿಗಂತೂ ಗಾಳಿ ಮೂಗಿಗೆ ಸೋರಲು ಅಂಗುಳದ ರಚನೆಯೇ ಕಾರಣವಾಗಿದ್ದರೆ ಊದಿಸಿ ಉಪಯೋಗವಿಲ್ಲ, ಶಸ್ತ್ರಚಿಕಿತ್ಸಕರ ಹತ್ತಿರ ಕಳಿಸಬೇಕು.

ಹೊಸಬರ ಸೆಷನ್ ಹೊರಗಿನಿಂದ ಬಹಳ ಚೆಂದ ಕಾಣುತ್ತದೆ. ಆಟಿಕೆ, ಬಣ್ಣ, ನಗು. ಆದರೆ ಎಣಿಸಿ ನೋಡಿ: ಅರ್ಧ ಗಂಟೆಯಲ್ಲಿ ಮಗು ಗುರಿಯ ಶಬ್ದ ಹೇಳಿದ್ದು 12 ಸಲ, ಉಳಿದದ್ದೆಲ್ಲ ಆಟದ ನಿಯಮ ವಿವರಿಸುವುದರಲ್ಲಿ ಹೋಗಿರುತ್ತದೆ. ಉಚ್ಚಾರಣೆಯ ಕೆಲಸದಲ್ಲಿ 100ರ ಹತ್ತಿರ ಬರಬೇಕು. ಆಟ 5 ಸೆಕೆಂಡಿನದಿರಲಿ: 5 ಸಲ ಹೇಳು, ಒಂದು ಬ್ಲಾಕ್ ಇಡು. ಇನ್ನೂ ಮಾತೇ ಬಾರದ ಮಗುವಿನ ವಿಷಯದಲ್ಲಿ ಲೆಕ್ಕ ತಿರುಗುಮುರುಗು, ಅಲ್ಲಿ ಎಣಿಸಬೇಕಾದದ್ದು ನಮ್ಮ ಮೌನ. ಸೋಪಿನ ಗುಳ್ಳೆಯ ಡಬ್ಬಿಯ ಮುಚ್ಚಳ ಬಿಗಿಯಾಗಿರಲಿ. ಒಮ್ಮೆ ಊದಿ, ಮುಚ್ಚಿ, ಕೈಗೆ ಕೊಟ್ಟು, “ತೆಗಿ” ಎಂದು ಒಂದೇ ಸಲ ಹೇಳಿ ಸುಮ್ಮನಿರಿ. 5ರಿಂದ 10 ಸೆಕೆಂಡು. ನೋಟ, ಕೈಸನ್ನೆ, ಸದ್ದು, ಏನು ಬಂದರೂ ಅದೇ ಮಾತು, ತಕ್ಷಣ ತೆಗೆಯಿರಿ. ಏನೂ ಬರದಿದ್ದರೆ ಇನ್ನೊಮ್ಮೆ ಹೇಳಿ, ಆಗಲೂ ತೆಗೆಯಿರಿ. ಪದ ಬರುವ ತನಕ ಕೊಡೆನೆಂದು ಹಠ ಹಿಡಿದರೆ ಮಗು ಅಳುವುದನ್ನು ಕಲಿಯುತ್ತದೆ. ಬೇಕಾದದ್ದನ್ನು ತೋರಿಸಿ ತಿಳಿಸಲು ಚಿತ್ರಫಲಕ, ಸಂಕೇತ, ಟ್ಯಾಬ್ಲೆಟ್ ಕೊಟ್ಟರೆ ಮಾತು ಬರುವುದಿಲ್ಲ ಎಂಬ ಭಯ ಪೋಷಕರಿಗಿರುತ್ತದೆ. ಅವು ಮಾತನ್ನು ತಡೆಯುವುದಿಲ್ಲ. ಆದರೆ ದೊಡ್ಡವರು ತಾವೂ ಫಲಕ ಮುಟ್ಟುತ್ತಾ ಮಾತಾಡದಿದ್ದರೆ ಅದು ಗೋಡೆಗೆ ತೂಗುಬಿಟ್ಟ ಅಲಂಕಾರವಾಗುತ್ತದೆ.

ಟಿಪ್ಪಣಿ ಅದೇ ದಿನ ಬರೆಯಿರಿ. “ಮಗು ಚೆನ್ನಾಗಿ ಸಹಕರಿಸಿತು” ಎಂಬುದರಿಂದ ಯಾರಿಗೂ ಏನೂ ತಿಳಿಯದು. “ಪದದ ಆರಂಭದ ‘ಕ’, ಕೇಳಿ ಅನುಕರಿಸಿ, 20ರಲ್ಲಿ 14” ಎಂದಿದ್ದರೆ ನಾಳೆ ನಿಮ್ಮ ಜಾಗಕ್ಕೆ ಬರುವವರೂ ಮುಂದುವರಿಸಬಹುದು. ಮೂರು ಸೆಷನ್ ಸತತವಾಗಿ 80% ಬಂದರೆ ಒಂದು ಮೆಟ್ಟಿಲು ಮೇಲಕ್ಕೆ. 50% ಕೆಳಗೇ ಉಳಿದರೆ ತಪ್ಪು ಮಗುವಿನದಲ್ಲ, ಮೆಟ್ಟಿಲು ಎತ್ತರವಾಯಿತು.

ಕೊನೆಯ 10 ನಿಮಿಷ ಅಮ್ಮನನ್ನೋ ಅಪ್ಪನನ್ನೋ ಮಗುವಿನ ಎದುರು ಕೂರಿಸಿ, ನೀವು ಪಕ್ಕಕ್ಕೆ ಸರಿಯಿರಿ. ನಿಮ್ಮ ಕಣ್ಣೆದುರು ಮಾಡಿದ್ದು ಮಾತ್ರ ಮನೆಯಲ್ಲಿ ನಡೆಯುತ್ತದೆ. “ದಿನಾ ಅಭ್ಯಾಸ ಮಾಡಿಸಿ” ಎಂದರೆ ಯಾರೂ ಮಾಡಿಸುವುದಿಲ್ಲ; “ಸ್ನಾನ ಮಾಡಿಸುವಾಗ ನೀರು ಹಾಕುವ ಮುಂಚೆ ಸುಮ್ಮನೆ ಕಾಯಿರಿ” ಎಂದರೆ ಮಾಡುತ್ತಾರೆ. ಉಗ್ಗುವ ಮಗುವಿಗೆ “ನಿಧಾನ, ಉಸಿರು ತಗೊಂಡು ಹೇಳು” ಎನ್ನುವುದನ್ನು ನಿಲ್ಲಿಸುವಂತೆ ಮೊದಲ ದಿನವೇ ಹೇಳಿಬಿಡಿ. “ಯಾವಾಗ ಮಾತಾಡ್ತಾನೆ?” ಎಂಬ ಪ್ರಶ್ನೆಗೆ ತಿಂಗಳ ಲೆಕ್ಕದ ಉತ್ತರ ಕೊಡಬೇಡಿ; ಮುಂದಿನ 8 ವಾರದಲ್ಲಿ ಏನನ್ನು ಗಮನಿಸುತ್ತೇವೆ ಎಂದು ಹೇಳಿ. ಬಂದಿದ್ದ ಪದಗಳು ಹೊರಟುಹೋಗಿದ್ದರೆ, ತಿನ್ನುವಾಗ ಕೆಮ್ಮು ಅಥವಾ ಗಂಟಲಲ್ಲಿ ನೀರು ನಿಂತಂಥ ದನಿ ಕಂಡರೆ ಅದೇ ದಿನ ವೈದ್ಯರಿಗೆ ಬರೆಯಿರಿ, ಒಬ್ಬರೇ ನಿಭಾಯಿಸಲು ಹೋಗಬೇಡಿ.

ಕನ್ನಡಿಯ ಹಿಂದಿನ ಮೇಡಂ ಇಲ್ಲದ ಕೊರತೆಗೆ ಒಂದು ಉಪಾಯವಿದೆ. ಪೋಷಕರ ಲಿಖಿತ ಒಪ್ಪಿಗೆ ಪಡೆದು ವಾರಕ್ಕೊಮ್ಮೆ ಒಂದು ಸೆಷನ್‌ನ 5 ನಿಮಿಷ ರೆಕಾರ್ಡ್ ಮಾಡಿ. ಮಗುವಿಗೆ ಕಾಣದಂತೆ ಫೋನನ್ನು ಕಪಾಟಿನ ಮೇಲಿಡಿ. ಸಂಜೆ ಒಂದು ಹಾಳೆಯಲ್ಲಿ ಎರಡು ಗೆರೆ ಎಳೆದು, ಒಂದರಲ್ಲಿ ನಿಮ್ಮ ಉಕ್ತಿಗಳನ್ನೂ ಇನ್ನೊಂದರಲ್ಲಿ ಮಗುವಿನವನ್ನೂ ಗುರುತು ಹಾಕಿ. ಪ್ರತಿ ಪ್ರಶ್ನೆಯ ನಂತರ ನೀವೇ ಮತ್ತೆ ಬಾಯಿಹಾಕುವ ಮುಂಚೆ ಎಷ್ಟು ಸೆಕೆಂಡು ಸುಮ್ಮನಿದ್ದಿರಿ ಎಂದು ಪಕ್ಕದಲ್ಲಿ ಬರೆದು, ಆಮೇಲೆ ರೆಕಾರ್ಡಿಂಗ್ ಅಳಿಸಿಬಿಡಿ. ಮೊದಲ ತಿಂಗಳ ಹಾಳೆಗಳಲ್ಲಿ ಆ ಅಂಕಿ 1 ದಾಟಿರುವುದು ಅಪರೂಪ.