ಯಾವ ರಾತ್ರಿ ಎಲ್ಲಿ ಮಲಗುತ್ತೀರಿ?

ನಾನು ಟ್ರಾವೆಲ್ ಏಜೆನ್ಸಿಯೊಂದರ ವೀಸಾ ಡೆಸ್ಕ್‌ನಲ್ಲಿ ಕೆಲಸ ಮಾಡುತ್ತೇನೆ. ನನ್ನ ಮೇಜಿಗೆ ಜಾಸ್ತಿ ಬರುವುದು ವಿಯೆಟ್ನಾಂ ಅರ್ಜಿಗಳು. ಕೆಲಸ ನೋಡಲು ಸುಲಭ. ಪಾಸ್‌ಪೋರ್ಟ್ ಪುಟ, ಫೋಟೋ, ಬರುವ ದಿನ, ಹೋಗುವ ದಿನ, ಕಾರ್ಡ್‌ನಿಂದ ಹಣ ಕಟ್ಟುವುದು. ಅಭ್ಯಾಸವಾದವರಿಗೆ ಹದಿನೈದು ನಿಮಿಷ ಸಾಕು. ಆ ಹದಿನೈದು ನಿಮಿಷದಲ್ಲಿ ನಾನು ಮಾಡಿದ ಒಂದು ತಪ್ಪಿನ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ.

2023ರ ಆಗಸ್ಟ್ 15ರಿಂದ ವಿಯೆಟ್ನಾಂ ಇ-ವೀಸಾ ನಿಯಮ ಬದಲಾಯಿತು. ಅದಕ್ಕೂ ಮೊದಲು ಸಿಗುತ್ತಿದ್ದುದು 30 ದಿನದ ವೀಸಾ, ಅದೂ ಒಂದೇ ಸಲ ಒಳಗೆ ಹೋಗಲು. ಈಗ 90 ದಿನದವರೆಗೆ ಸಿಗುತ್ತದೆ. ಒಂದೇ ಪ್ರವೇಶಕ್ಕೆ 25 ಡಾಲರ್, ಹಲವು ಪ್ರವೇಶಕ್ಕೆ 50 ಡಾಲರ್. ಈ ಎರಡರಲ್ಲಿ ಯಾವುದು ಬೇಕು ಎಂದು ಫಾರ್ಮ್‌ನಲ್ಲಿ ನಾವೇ ಆರಿಸಬೇಕು.

ಹೊಸ ನಿಯಮ ಬಂದ ಮೇಲೆ ನಿವೃತ್ತ ಮೇಷ್ಟ್ರೊಬ್ಬರು ಹೆಂಡತಿಯ ಜೊತೆ ಬಂದರು. ಜೀವನಪೂರ್ತಿ ಇತಿಹಾಸ ಪಾಠ ಮಾಡಿದವರು. ಹೋ ಚಿ ಮಿನ್ ಸಿಟಿಯಲ್ಲಿ ಹಳೆಯ ಅಧ್ಯಕ್ಷರ ಅರಮನೆ ಇದೆ. 1975ರ ಏಪ್ರಿಲ್ 30ರಂದು, ವಿಯೆಟ್ನಾಂ ಯುದ್ಧ ಮುಗಿದ ದಿನ, ಟ್ಯಾಂಕ್ ನುಗ್ಗಿದ್ದು ಅದರ ಗೇಟಿಗೇ. ಆ ಗೇಟಿನ ಮುಂದೆ ಒಂದು ಸಲ ನಿಲ್ಲಬೇಕು ಅನ್ನುವುದು ಅವರ ಆಸೆ. "ನೋಡಮ್ಮಾ, ಪೆನ್ಷನ್ ದುಡ್ಡು. ಖರ್ಚು ಎಷ್ಟು ಕಮ್ಮಿ ಆಗುತ್ತೋ ಅಷ್ಟು ಒಳ್ಳೆಯದು" ಅಂದರು. ಟಿಕೆಟ್ ಎಲ್ಲ ಮಗನೇ ಆನ್‌ಲೈನಿನಲ್ಲಿ ತೆಗೆದಿದ್ದ. ನಮ್ಮ ಹತ್ತಿರ ಬಂದಿದ್ದು ವೀಸಾಕ್ಕೆ ಮಾತ್ರ. ನಾನು ಎರಡು ತಾರೀಖು ಕೇಳಿದೆ, ಅವರು ಹೇಳಿದರು. ಖರ್ಚು ಕಮ್ಮಿ ಇರಲಿ ಎಂದು ಇಬ್ಬರಿಗೂ 25 ಡಾಲರ್‌ನ ವೀಸಾ ಹಾಕಿದೆ. ಐವತ್ತು ಡಾಲರ್ ಉಳಿಸಿದೆ ಎಂದು ಖುಷಿಯೂ ಆಯಿತು.

ಒಂದು ಶುಕ್ರವಾರ ಸಂಜೆ ಕಾಂಬೋಡಿಯಾದ ಸಿಯೆಮ್ ರೀಪ್ ವಿಮಾನ ನಿಲ್ದಾಣದಿಂದ ಫೋನ್ ಬಂತು. ಅವರು ಹನೋಯ್ ನೋಡಿ, ನಡುವೆ ಮೂರು ದಿನ ಕಾಂಬೋಡಿಯಾಕ್ಕೆ ಹೋಗಿ ಅಂಕೋರ್ ವಾಟ್ ನೋಡಿ, ಅಲ್ಲಿಂದ ಹೋ ಚಿ ಮಿನ್ ಸಿಟಿಗೆ ಹೊರಟಿದ್ದರು. ಚೆಕ್-ಇನ್ ಕೌಂಟರ್‌ನಲ್ಲಿ ತಡೆದರು. ವೀಸಾದ ಕೊನೆಯ ದಿನಾಂಕ ಇನ್ನೂ ಬಂದಿರಲಿಲ್ಲ, ನಿಜ. ಆದರೆ ಅದು ಒಂದೇ ಪ್ರವೇಶದ ವೀಸಾ. ಹನೋಯ್‌ನಲ್ಲಿ ಇಳಿದ ದಿನವೇ ಆ ಪ್ರವೇಶ ಖರ್ಚಾಗಿತ್ತು. ದೇಶ ಬಿಟ್ಟು ಹೊರಗೆ ಕಾಲಿಟ್ಟ ಮೇಲೆ ಆ ಕಾಗದಕ್ಕೆ ಬೆಲೆ ಇಲ್ಲ.

ಹೊಸ ಅರ್ಜಿ ಹಾಕಬಹುದಿತ್ತು. ಆದರೆ ಅದಕ್ಕೆ ಸಾಮಾನ್ಯವಾಗಿ ಮೂರು ಕೆಲಸದ ದಿನ ಬೇಕು. ಮುಂದೆ ಶನಿವಾರ, ಭಾನುವಾರ. ಬುಧವಾರಕ್ಕೆ ಮೊದಲು ಕೈಗೆ ಸಿಗುವ ಹಾಗಿರಲಿಲ್ಲ. ಅವರು ಊರಿಗೆ ವಾಪಸ್ ಬರುವ ವಿಮಾನ ಇದ್ದದ್ದು ಹೋ ಚಿ ಮಿನ್ ಸಿಟಿಯಿಂದ, ಅದೂ ಸೋಮವಾರ. ಕೊನೆಗೆ ಹೊಸ ಟಿಕೆಟ್ ತೆಗೆದುಕೊಂಡು ಬ್ಯಾಂಕಾಕ್ ಮೂಲಕ ಊರಿಗೆ ಬಂದರು. ಎರಡು ವಿಮಾನದ ಹಣ ಹೋಯಿತು, ಹೋಟೆಲಿನ ಹಣ ಹೋಯಿತು. ಮೇಷ್ಟ್ರು ಆ ಗೇಟು ನೋಡಲೇ ಇಲ್ಲ.

ಅವರು ನನ್ನನ್ನು ಬೈಯಲಿಲ್ಲ. "ಬಿಡಮ್ಮಾ, ನೀನು ಕೇಳಲಿಲ್ಲ, ನಾವು ಹೇಳಲಿಲ್ಲ" ಅಂದರು. ನಮ್ಮ ಆಫೀಸು ಸ್ವಲ್ಪ ಹಣ ವಾಪಸ್ ಕೊಟ್ಟಿತು. ಆದರೆ ಆ ಮಾತು ನನ್ನನ್ನು ತುಂಬಾ ದಿನ ಕಾಡಿತು. ಅವರು ಯಾಕೆ ಹೇಳಬೇಕಿತ್ತು? ಕಾಂಬೋಡಿಯಾಕ್ಕೆ ಹೋಗಿ ಬಂದರೆ ವಿಯೆಟ್ನಾಂ ವೀಸಾ ಮುಗಿಯುತ್ತದೆ ಎಂದು ಗೊತ್ತಿರಬೇಕಾದ್ದು ಅವರಿಗಲ್ಲ, ನನಗೆ. ಕೇಳುವುದು ನನ್ನ ಕೆಲಸವಾಗಿತ್ತು.

ಅಂದಿನಿಂದ ಫಾರ್ಮ್ ತೆರೆಯುವ ಮೊದಲು ಒಂದು ಬಿಳಿ ಹಾಳೆ ತೆಗೆದುಕೊಳ್ಳುತ್ತೇನೆ. ಒಂದೇ ಪ್ರಶ್ನೆ: "ಯಾವ ರಾತ್ರಿ ಎಲ್ಲಿ ಮಲಗುತ್ತೀರಿ?" ತಾರೀಖು ಒಂದು ಕಡೆ, ಊರು ಇನ್ನೊಂದು ಕಡೆ. "ಎಲ್ಲೆಲ್ಲಿ ಹೋಗುತ್ತೀರಿ" ಅಂತ ಕೇಳಿದರೆ ಜನ ದೊಡ್ಡ ಊರುಗಳ ಹೆಸರು ಮಾತ್ರ ಹೇಳುತ್ತಾರೆ. ಮಲಗುವ ಜಾಗ ಕೇಳಿದರೆ ನಡುವಿನ ರಾತ್ರಿಗಳೂ ಹೊರಗೆ ಬರುತ್ತವೆ. ಒಂದು ರಾತ್ರಿಯಾದರೂ ಕಾಂಬೋಡಿಯಾ ಅಥವಾ ಲಾವೋಸ್‌ನಲ್ಲಿ ಕಳೆದು ಮತ್ತೆ ವಿಯೆಟ್ನಾಂಗೆ ಬರುವುದಿದ್ದರೆ 50 ಡಾಲರ್‌ನ ವೀಸಾವೇ ಬೇಕು. ಆ ಇನ್ನೊಂದು ದೇಶದ ವೀಸಾ ಬೇರೆ, ಅದನ್ನೂ ಅದೇ ಹಾಳೆಯಲ್ಲಿ ಬರೆಯುತ್ತೇನೆ.

ಕೆಲವೊಮ್ಮೆ ಹಾಳೆ ಉಲ್ಟಾ ಉತ್ತರವನ್ನೂ ಕೊಡುತ್ತದೆ. ಒಂದು ಕುಟುಂಬದ ಎಲ್ಲ ರಾತ್ರಿಗಳೂ ವಿಯೆಟ್ನಾಂನ ಫು ಕ್ವೋಕ್ ದ್ವೀಪದಲ್ಲೇ ಇದ್ದವು, ವಿಮಾನವೂ ನೇರ ಅಲ್ಲಿಗೇ. ಹೊರದೇಶದಿಂದ ನೇರವಾಗಿ ಆ ದ್ವೀಪಕ್ಕೆ ಬಂದು, ಅಲ್ಲೇ ಇದ್ದು, ಅಲ್ಲಿಂದಲೇ ವಾಪಸ್ ಹೋಗುವವರಿಗೆ 30 ದಿನ ವೀಸಾ ಬೇಡ. ಅವರು ವೀಸಾ ಹಣ ಕೊಡಲು ಬಂದಿದ್ದರು, ಬೇಡ ಎಂದು ಕಳಿಸಿದೆ. ಆದರೆ ಅದೇ ಜನ "ಕೊನೆಯ ದಿನ ಹನೋಯ್ ನೋಡೋಣ" ಅಂದಿದ್ದರೆ ವೀಸಾ ಬೇಕೇ ಬೇಕಿತ್ತು.

ದಿನಾಂಕದ ವಿಷಯದಲ್ಲೂ ಹಾಳೆ ಕೈ ಹಿಡಿಯುತ್ತದೆ. ವೀಸಾದಲ್ಲಿ ಬರೆದ ಮೊದಲ ದಿನಕ್ಕಿಂತ ಮುಂಚೆ ಒಳಗೆ ಬಿಡುವುದಿಲ್ಲ. ನಡುರಾತ್ರಿಯ ಆಸುಪಾಸಿನ ವಿಮಾನಗಳಲ್ಲಿ ತಾರೀಖು ತಪ್ಪುವುದು ಜಾಸ್ತಿ. ಹೊರಡುವ ದಿನ ಯಾವುದು, ಇಳಿಯುವ ದಿನ ಯಾವುದು ಎಂದು ಜನ ಗೊಂದಲ ಮಾಡಿಕೊಳ್ಳುತ್ತಾರೆ. ಹತ್ತು ದಿನಕ್ಕೆ ಕೇಳಿದರೂ 90 ದಿನಕ್ಕೆ ಕೇಳಿದರೂ ಶುಲ್ಕ ಅಷ್ಟೇ. ಹಾಗಾಗಿ ನಾನು ಬರುವ ದಿನಕ್ಕೆ ಮೊದಲು ಒಂದೆರಡು ದಿನ, ಹೋಗುವ ದಿನದ ಆಮೇಲೆ ಒಂದು ವಾರ ಸಡಿಲ ಬಿಟ್ಟು ತುಂಬುತ್ತೇನೆ. ವಿಮಾನ ರದ್ದಾಗಿ ಎರಡು ದಿನ ಜಾಸ್ತಿ ಉಳಿಯಬೇಕಾಗಿ ಬಂದರೆ ದಂಡ ಕಟ್ಟುವ ಭಯ ಇರುವುದಿಲ್ಲ.

ಬಸ್ಸಿನಲ್ಲಿ ಗಡಿ ದಾಟುವವರ ಹತ್ತಿರ ಗಡಿಯ ಹೆಸರು ಕೇಳುತ್ತೇನೆ. ಇ-ವೀಸಾ ಎಲ್ಲ ಗಡಿಯಲ್ಲೂ ನಡೆಯುವುದಿಲ್ಲ, ಸರ್ಕಾರದ ಪಟ್ಟಿಯಲ್ಲಿ ಇರುವ ಕಡೆ ಮಾತ್ರ. ನೋಮ್ ಪೆನ್‌ನಿಂದ ಹೋ ಚಿ ಮಿನ್ ಸಿಟಿಗೆ ಹೋಗುವ ಬಸ್ಸುಗಳ ದಾರಿಯಲ್ಲಿ ಸಿಗುವ ಮೋಕ್ ಬಾಯ್ ಗಡಿ ಆ ಪಟ್ಟಿಯಲ್ಲಿದೆ.

ಇನ್ನು ಅಕ್ಷರಗಳು. ನಮ್ಮವರ ಹೆಸರಿನ ಕಥೆ ಗೊತ್ತಲ್ವಾ? ಅಪ್ಪನ ಹೆಸರು, ಊರಿನ ಹೆಸರು, ಇನಿಷಿಯಲ್. ಕೆಲವರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ. ನಾನು ಯಾರನ್ನೂ ಹೆಸರು ಕೇಳಿ ಬರೆದುಕೊಳ್ಳುವುದಿಲ್ಲ. ಪಾಸ್‌ಪೋರ್ಟ್ ಪುಟದ ಕೆಳಗೆ ಬಾಣದಂಥ ಗುರುತುಗಳಿರುವ ಎರಡು ಸಾಲು ಇವೆಯಲ್ಲ, ಅದನ್ನು ನೋಡಿ ತುಂಬುತ್ತೇನೆ. ಸ್ಕ್ಯಾನ್ ಮಾಡುವಾಗ ಆ ಎರಡು ಸಾಲು ಕತ್ತರಿಸಿ ಹೋಗಬಾರದು. ಪಾಸ್‌ಪೋರ್ಟ್ ನಂಬರಿನಲ್ಲಿ ಸೊನ್ನೆಯನ್ನು 'ಓ' ಎಂದು ಟೈಪ್ ಮಾಡುವುದು ಎಲ್ಲರೂ ಮಾಡುವ ತಪ್ಪು. ಭಾರತದ ಪಾಸ್‌ಪೋರ್ಟಿನಲ್ಲಿ ಮೊದಲು ಒಂದು ಅಕ್ಷರ, ಆಮೇಲೆ ಏಳು ಅಂಕಿ. ಅಷ್ಟು ನೆನಪಿದ್ದರೆ ಆ ತಪ್ಪು ಆಗುವುದಿಲ್ಲ. ಫೋಟೋ ಬಿಳಿ ಹಿನ್ನೆಲೆಯಲ್ಲಿ, ಕನ್ನಡಕ ಇಲ್ಲದೆ. ಪಾಸ್‌ಪೋರ್ಟ್ ಅವಧಿ ಕನಿಷ್ಠ ಆರು ತಿಂಗಳು ಉಳಿದಿರಲಿ. ಕಟ್ಟಿದ ಹಣ ಅರ್ಜಿ ತಿರಸ್ಕಾರವಾದರೂ ವಾಪಸ್ ಬರುವುದಿಲ್ಲ.

ನೀವೇ ಅರ್ಜಿ ಹಾಕುವುದಾದರೆ ಖಂಡಿತ ಹಾಕಿ, ಏಜೆಂಟ್ ಬೇಕೇ ಬೇಕು ಎಂದೇನಿಲ್ಲ. ಆದರೆ ವೆಬ್‌ಸೈಟ್ ವಿಳಾಸ 'ಜಿಒವಿ ಡಾಟ್ ವಿಎನ್' ಎಂದು ಮುಗಿಯುತ್ತಾ ನೋಡಿಕೊಳ್ಳಿ. ಸರ್ಕಾರದ ಸೈಟಿನ ಹಾಗೇ ಕಾಣುವ ಖಾಸಗಿ ಸೈಟುಗಳು ಬೇಕಾದಷ್ಟಿವೆ, ಅಲ್ಲಿ ಶುಲ್ಕ ಎಷ್ಟೋ ಪಟ್ಟು ಜಾಸ್ತಿ. ಅರ್ಜಿ ಹಾಕಿದ ಮೇಲೆ ಬರುವ ನೋಂದಣಿ ಕೋಡ್ ಬರೆದಿಟ್ಟುಕೊಳ್ಳಿ. ವೀಸಾ ಬಂತಾ ಎಂದು ನೋಡಲು ಅದು ಬೇಕು. ಮೂರು ದಿನ ಅಂದರೆ ಮೂರು ಕೆಲಸದ ದಿನ ಎನ್ನುವುದನ್ನು ಮರೆಯಬೇಡಿ. ಜನವರಿ ಕೊನೆಯಲ್ಲೋ ಫೆಬ್ರವರಿಯಲ್ಲೋ ಅವರ ಹೊಸ ವರ್ಷ 'ತೇತ್' ಬರುತ್ತದೆ, ಆಗ ಕಚೇರಿಗಳು ಎಷ್ಟೋ ದಿನ ಮುಚ್ಚಿರುತ್ತವೆ. ಏಪ್ರಿಲ್ 30, ಮೇ 1, ಸೆಪ್ಟೆಂಬರ್ 2 ಕೂಡ ರಜೆ. ನಾನು ಎರಡು ಮೂರು ವಾರ ಮೊದಲೇ ಹಾಕುತ್ತೇನೆ.

ವೀಸಾಕ್ಕೆ ಎಂದು ಬರೆದ ಆ ಹಾಳೆ ಖರ್ಚಿಗೂ ಉಪಯೋಗಕ್ಕೆ ಬರುತ್ತದೆ ಎಂದು ನನಗೆ ಗೊತ್ತಾಗಿದ್ದು ಆಮೇಲೆ. ಐದು ರಾತ್ರಿಯಲ್ಲಿ ಹನೋಯ್, ದ ನಾಂಗ್, ಹೋ ಚಿ ಮಿನ್ ಸಿಟಿ ಮೂರನ್ನೂ ಬರೆಸುವವರಿದ್ದಾರೆ. ಹನೋಯ್‌ಯಿಂದ ಹೋ ಚಿ ಮಿನ್ ಸಿಟಿಗೆ ರೈಲು ದಾರಿ 1,726 ಕಿಲೋಮೀಟರ್, ಮೂವತ್ತು ಗಂಟೆಗೂ ಜಾಸ್ತಿ. ಅಷ್ಟು ಊರು ಸುತ್ತಬೇಕೆಂದರೆ ವಿಮಾನವೇ ಬೇಕು. ಕಮ್ಮಿ ದರದ ವಿಮಾನದಲ್ಲಿ ಕೈಚೀಲಕ್ಕೆ ಸಾಮಾನ್ಯವಾಗಿ 7 ಕಿಲೋ ಮಾತ್ರ, ಮೇಲಿನದಕ್ಕೆ ಬೇರೆ ಹಣ. ಊರು ಒಂದು ಕಮ್ಮಿ ಮಾಡಿದರೆ ಹಣ ಉಳಿಯುತ್ತದೆ, ಸುಸ್ತೂ ಕಮ್ಮಿ. ಹನೋಯ್‌ಯಿಂದ ದ ನಾಂಗ್‌ಗೆ ರಾತ್ರಿ ರೈಲಿನಲ್ಲಿ ಮಲಗಿ ಹೋದರೆ ಒಂದು ರಾತ್ರಿಯ ಹೋಟೆಲ್ ಖರ್ಚು ಉಳಿಯಿತು.

ಅಕ್ಟೋಬರ್, ನವೆಂಬರ್‌ನಲ್ಲಿ ಹೋಯ್ ಆನ್ ಕಡೆ ರೂಮು ಅಗ್ಗಕ್ಕೆ ಸಿಕ್ಕಿತು ಎಂದು ಖುಷಿಯಿಂದ ಹೇಳುತ್ತಾರೆ. ಅದು ನಡು ವಿಯೆಟ್ನಾಂನ ಮಳೆಗಾಲ. ಹೋಯ್ ಆನ್ ಹಳೆ ಪೇಟೆಯ ಬೀದಿಗಳಲ್ಲಿ ಹೊಳೆ ನೀರು ನುಗ್ಗಿ ದೋಣಿ ಓಡಾಡುವುದೂ ಉಂಟು. ಇದನ್ನು ಮೊದಲೇ ಹೇಳುತ್ತೇನೆ. ಗೊತ್ತಿದ್ದೂ ಹೋಗುವವರು ಹೋಗಲಿ.

ಹಣದ ಬಗ್ಗೆ ನಾನು ಎಲ್ಲರಿಗೂ ತೋರಿಸುವುದು ಎರಡು ನೋಟುಗಳ ಚಿತ್ರ. 20,000 ಡಾಂಗ್ ನೋಟೂ ನೀಲಿ, 5,00,000 ಡಾಂಗ್ ನೋಟೂ ನೀಲಿ. ಎರಡರಲ್ಲೂ ಹೋ ಚಿ ಮಿನ್ ಅವರ ಮುಖ. ರಾತ್ರಿ ಟ್ಯಾಕ್ಸಿಯಿಂದ ಇಳಿಯುವಾಗ ಒಂದರ ಬದಲು ಇನ್ನೊಂದು ಕೊಟ್ಟರೆ ಇಪ್ಪತ್ತೈದು ಪಟ್ಟು ಕೊಟ್ಟ ಹಾಗೆ. ಐದು ಲಕ್ಷದ ನೋಟುಗಳನ್ನು ಪರ್ಸಿನ ಬೇರೆ ಖಾನೆಯಲ್ಲಿ ಇಡಿ. ಅಂಗಡಿಯಲ್ಲಿ '35 ಕೆ' ಎಂದು ಬರೆದಿದ್ದರೆ ಅದು 35,000 ಡಾಂಗ್. ಒಂದು ಡಾಲರ್‌ಗೆ 25,000 ಡಾಂಗ್‌ಗಿಂತ ಜಾಸ್ತಿ ಬರುತ್ತದೆ, ಆ ಲೆಕ್ಕ ತಲೆಯಲ್ಲಿದ್ದರೆ ಸಾಕು. ಡಾಲರ್ ಒಯ್ಯುವುದಾದರೆ ಹರಿದ, ಗೀಚಿದ ನೋಟು ಬೇಡ. ಬದಲಾಯಿಸುವವರು ತೆಗೆದುಕೊಳ್ಳುವುದಿಲ್ಲ. ನೋಯ್ ಬಾಯ್ ವಿಮಾನ ನಿಲ್ದಾಣದಿಂದ ಹನೋಯ್ ಪೇಟೆಗೆ 86 ನಂಬರ್ ಬಸ್ಸಿದೆ. ಹಗಲು ಇಳಿಯುವವರಿಗೆ ಟ್ಯಾಕ್ಸಿಯ ಅಗತ್ಯವೇ ಇಲ್ಲ.

ಸಸ್ಯಾಹಾರಿಗಳಿಗೆ ಒಂದು ಶಬ್ದ ಬರೆದುಕೊಡುತ್ತೇನೆ: 'ಚಾಯ್'. ಅದು ಕುಡಿಯುವ ಚಹಾ ಅಲ್ಲ, ಅಲ್ಲಿ ಅದರ ಅರ್ಥ ಸಸ್ಯಾಹಾರ. ಅಲ್ಲಿನ 'ಫೋ' ಎಂಬ ನೂಡಲ್ ಸೂಪಿನಿಂದ ಮಾಂಸದ ತುಂಡು ತೆಗೆದರೂ ನೀರು ಮೂಳೆ ಬೇಯಿಸಿದ್ದೇ ಆಗಿರುತ್ತದೆ, ಪಲ್ಯಕ್ಕೂ ಮೀನಿನ ಸಾಸ್ ಬೀಳುತ್ತದೆ. 'ಚಾಯ್' ಎಂದು ಬೋರ್ಡ್ ಇರುವ ಹೋಟೆಲು ಹುಡುಕುವುದೇ ವಾಸಿ, ಮತ್ತು ಅಂಥವು ಅಲ್ಲಿ ಸುಮಾರಾಗಿ ಸಿಗುತ್ತವೆ. ಅವರ ಚಾಂದ್ರಮಾನ ತಿಂಗಳ ಮೊದಲ ದಿನ ಮತ್ತು ಹದಿನೈದನೇ ದಿನ ಬೌದ್ಧರು ಎಷ್ಟೋ ಜನ ಮಾಂಸ ಬಿಡುತ್ತಾರೆ.

ನಿನ್ನೆ ಒಬ್ಬ ಯುವತಿ ಬಂದಿದ್ದರು. ಮೊದಲ ವಿದೇಶ ಪ್ರವಾಸ, ಒಬ್ಬರೇ. ವೀಸಾಕ್ಕೆ ಎಷ್ಟು ಎಂದು ಕೇಳಿದರು. ನಾನು ಹಾಳೆ ಮುಂದಿಟ್ಟೆ. ಹನೋಯ್ ಮೂರು ರಾತ್ರಿ, ನಿನ್ ಬಿನ್ ಎರಡು, ರೈಲಿನಲ್ಲಿ ಒಂದು, ಹೋಯ್ ಆನ್ ಮೂರು, ವಾಪಸ್ ದ ನಾಂಗ್‌ನಿಂದ. ನಡುವೆ ಬೇರೆ ದೇಶ ಇಲ್ಲ ತಾನೇ ಎಂದು ಎರಡು ಸಲ ಕೇಳಿದೆ. ಇಲ್ಲ ಅಂದರು. 25 ಡಾಲರ್‌ನದ್ದೇ ಹಾಕಿದೆ. ನೋಂದಣಿ ಕೋಡನ್ನು ಅದೇ ಹಾಳೆಯ ಕೆಳಗೆ ಬರೆದು, ಮಡಚಿ, ಅವರ ಪಾಸ್‌ಪೋರ್ಟಿನೊಳಗೆ ಇಟ್ಟು ಕೊಟ್ಟೆ.