ಓಟ ಗೆದ್ದರೆ ಸಾಲದು, ಮೆಡಿಕಲ್‌ಗೂ ಮಗನನ್ನು ತಯಾರು ಮಾಡಿ

ಸೇನೆಗೆ ಅಗ್ನಿವೀರ್ ಆಗಿ ಸೇರಲು ಹೊರಟ ಹುಡುಗರ ಮನೆಯಲ್ಲಿ ಓಟದ್ದೇ ಮಾತು ಜಾಸ್ತಿ. ನನ್ನ ಮಗನೂ ದಾವಣಗೆರೆಯ ಹೈಸ್ಕೂಲ್ ಮೈದಾನದಲ್ಲಿ 1.6 ಕಿ.ಮೀ. ಓಟಕ್ಕೆ, ಪುಲ್ ಅಪ್‌ಗೆ ನಸುಕಿನಲ್ಲೇ ಬೆವರು ಸುರಿಸುತ್ತಾನೆ. ಆದರೆ ಓಟದಲ್ಲಿ ಪಾಸಾಗಿ ಮೆಡಿಕಲ್‌ನಲ್ಲಿ, ಅಂದರೆ ಸೇನೆಯ ವೈದ್ಯಕೀಯ ತಪಾಸಣೆಯಲ್ಲಿ, ವಾಪಸ್ ಬಂದ ಹುಡುಗರನ್ನು ನೋಡಿದರೆ ಕರುಳು ಚುರುಕ್ ಅನ್ನುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಕಿವಿಯಲ್ಲಿ ಗುಗ್ಗೆ ತುಂಬಿದ್ದರೆ ಡಾಕ್ಟರಿಗೆ ಒಳಗಿನ ತಮಟೆ ಕಾಣುವುದಿಲ್ಲ, ಹಾಗಾಗಿ ಕಿವಿ ಕ್ಲೀನ್ ಮಾಡಿಸಿಯೇ ಕಳಿಸಿ. ಹಲ್ಲೂ ಅಷ್ಟೇ. ನೆಟ್ಟಗೆ ನಿಂತಾಗ ಮಂಡಿ ಒಂದಕ್ಕೊಂದು ತಾಗುತ್ತವಾ, ಪಾದ ಚಪ್ಪಟೆ ಇದೆಯಾ, ಕಾಲಲ್ಲಿ ನರ ಉಬ್ಬಿದೆಯಾ, ಕೆಂಪು ಹಸಿರು ಸರಿಯಾಗಿ ಗುರುತಿಸುತ್ತಾನಾ, ಇಷ್ಟನ್ನೂ ಊರಲ್ಲೇ ಒಳ್ಳೆ ಡಾಕ್ಟರ್ ಹತ್ತಿರ ತೋರಿಸಿ. ಮೂಲವ್ಯಾಧಿ, ವೃಷಣದ ತೊಂದರೆ ಇದ್ದರೆ ಈ ವಯಸ್ಸಿನ ಹುಡುಗರು ಅಮ್ಮನ ಹತ್ತಿರ ಬಾಯಿ ಬಿಡಲ್ಲ, ಅಲ್ವಾ? ಅಪ್ಪನೋ ಮಾವನೋ ಮೆಲ್ಲಗೆ ಕೇಳಬೇಕು.

ಅನ್‌ಫಿಟ್ ಅಂದರೂ ಅಲ್ಲಿಗೇ ಮುಗಿಯಲ್ಲ. ಮಿಲಿಟರಿ ಆಸ್ಪತ್ರೆಯಲ್ಲಿ ತಜ್ಞರ ಮರುಪರೀಕ್ಷೆ ಕೇಳಬಹುದು, ಹೇಳಿದ ಗಡುವಿನೊಳಗೆ ಹೋಗಬೇಕು ಅಷ್ಟೇ. 18 ತುಂಬದ ಮಗನಾದರೆ ಫಾರ್ಮ್‌ಗೆ ನಮ್ಮ ಸಹಿಯೂ ಬೇಕು. ಸೇವೆ 4 ವರ್ಷ, ಆಮೇಲೆ ಕಾಯಂ ಆಗುವವರು ಶೇ 25ರವರೆಗೆ ಮಾತ್ರ ಅನ್ನುವುದನ್ನು ಸಹಿಗೆ ಮುಂಚೆ ಅವನ ಜೊತೆ ಕೂತು ಮಾತಾಡಿ.